ರೊಟ್ಟಿ ಲೆಕ್ಕದ ಜನಸಂಖ್ಯೆ

"ಏಳನೇ ಇಯತ್ತೆಕ್ಕ ಶಾಲಿ ಬಿಟ್ಟಾಕಿ ಕಾಲೇಜಿನ್ಯಾಗ ಏನ್ ಕಲಸ್ತಾಳ? ತಿಂಗಳದಾಗ ತಿರುಗಿ ಬರ್ತಾಳ" ಎಂದಿದ್ದರು ಲಕ್ಷ್ಮೇಶ್ವರದ ನಮ್ಮ ಕಾಕಾ. ಶಾಲೆ ಬಿಟ್ಟ ಮೇಲೂ ನಾನು ಸಿಕ್ಕ ಪುಸ್ತಕಗಳನ್ನೆಲ್ಲ ಓದಿ, ಹೊರಗಿನಿಂದಲೇ ಪರೀಕ್ಷೆ ಕಟ್ಟಿ ಎಂ.ಎ. ಮುಗಿಸಿದ್ದೆ. ಎಪ್ಪತ್ತರ ದಶಕದ ಕೊನೆಗೆ ಗದಗಿನ ಕಾಲೇಜೊಂದರಲ್ಲಿ ಬಿ.ಎ.ದವರಿಗೆ ಜನಸಂಖ್ಯಾಶಾಸ್ತ್ರ ಕಲಿಸಲು ನಿಂತೆ. ವರ್ಷದ ಕೊನೆಗೆ ಬರುವ ವಿಶ್ವವಿದ್ಯಾಲಯದ ಸಮಿತಿ ಒಪ್ಪದಿದ್ದರೆ ವಿಷಯವೂ ಇಲ್ಲ, ನನ್ನ ಕೆಲಸವೂ ಇಲ್ಲ. ಜನರನ್ನು ಎಣಿಸಲು ಹೊರಟವರಿಗೆ ನಗುವ ಪ್ರಸಂಗಗಳಿಗೇನು ಬರ!

ವಲಸೆ

ವಲಸೆಯ ಪಾಠಕ್ಕೆಂದು ವಿದ್ಯಾರ್ಥಿಗಳನ್ನೆಲ್ಲ ನಮ್ಮ ಕಡೆಯ ಮಾಗಡಿ ಕೆರೆಗೆ ಕರೆದೊಯ್ದೆ. ಚಳಿಗಾಲದ ಬೆಳಗು. ಮಂಜಿನಲ್ಲಿ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ದೂರದೇಶದ ಹಕ್ಕಿಗಳು ಒಮ್ಮೆಲೇ ಎದ್ದವು. ರೆಕ್ಕೆಯ ಸದ್ದು ಕನಸಿನಲ್ಲಿ ಕೇಳಿದಂತಿತ್ತು. ಪಾಠ ಮರೆತು ಎಷ್ಟು ಹೊತ್ತು ನಿಂತೆನೋ.

ಒಬ್ಬ ವಿದ್ಯಾರ್ಥಿ ದಂಡೆಯ ಮೇಲಿದ್ದ ರೈತನನ್ನು ಕೇಳಿದ: "ಅಜ್ಜಾ, ಇವು ಇಷ್ಟು ದೂರ ಯಾಕ ಬರ್ತಾವು?"

"ನನ್ನ ಹೊಲದಾಗಿನ ಕಡ್ಲಿ ತಿನ್ನಾಕ!"

ನಾನು ವಲಸೆಗೆ ಹತ್ತು ಕಾರಣ ಬರೆಸಿದ್ದೆ. ಪರೀಕ್ಷೆಯಲ್ಲಿ ಇಡೀ ತರಗತಿ ಬರೆದದ್ದು ಒಂದೇ: ಕಡಲೆ.

ಕುಟುಂಬದ ಗಾತ್ರ

ಆಮೇಲೆ ಹತ್ತಿರದ ಅಸುಂಡಿ ಹಳ್ಳಿಯಲ್ಲಿ ಮನೆಮನೆ ಸಮೀಕ್ಷೆ. ನನ್ನ ವಿದ್ಯಾರ್ಥಿನಿಯೊಬ್ಬಳು ಒಬ್ಬ ಅಜ್ಜಿಯನ್ನು ಕೇಳಿದಳು: "ಮನ್ಯಾಗ ಎಷ್ಟು ಮಂದಿ ಅದೀರಿ, ಯಮ್ಮಾ?"

"ಮಂದಿ ಎಣಸಬಾರದವಾ, ಕಣ್ಣು ಬೀಳತಾವು. ದಿನಾ ಹದಿನೆಂಟು ರೊಟ್ಟಿ ಬಡೀತೀನಿ, ಅದನ್ನ ಬರ್ಕೊ."

ಮುಂದಿನ ಮನೆಗಳಲ್ಲೂ ಇದೇ ಉತ್ತರ. ನನ್ನ ಹುಡುಗಿ ಸೋಲುವವಳಲ್ಲ. ದುಡಿಯುವವರಿಗೆ ನಾಲ್ಕು, ಮುದುಕರಿಗೆ ಎರಡು, ಐದು ವರ್ಷದೊಳಗಿನ ಕೂಸಿಗೆ ಒಂದು ಎಂದು ರೊಟ್ಟಿಯಿಂದಲೇ ಊರಿನ ಒಂದೊಂದು ಓಣಿಯ ವಯಸ್ಸಿನ ಕೋಷ್ಟಕ ತಯಾರಿಸಿದಳು.

ಸಮಿತಿ

ಆ ಕೋಷ್ಟಕವೇ ಸಮಿತಿಯ ಹಿರಿಯ ಪ್ರೊಫೆಸರರ ಕೈಗೆ ಸಿಕ್ಕಿತು. "ಏನ್ರಿ ಮೇಡಂ ಇದು? ಈ ಓಣಿ ಜನಸಂಖ್ಯಾ ಆರುನೂರು ರೊಟ್ಟಿ?"

ಕೆಲಸ ಹೋಯಿತೆಂದೇ ಅಂದುಕೊಂಡೆ. ಕೋಷ್ಟಕ ಮಾಡಿದ ಹುಡುಗಿಯೇ ಎದ್ದಳು.

"ಸರ್, ರೊಟ್ಟಿ ವಿಷಯದಾಗ ಯಾರೂ ಸುಳ್ಳು ಹೇಳಂಗಿಲ್ಲರಿ. ಬೇಕಾದ್ರ ನಿಮ್ಮನ್ನೂ ನೋಡೂಣು. ದಿನಕ್ಕ ಎಷ್ಟು ತಿಂತೀರಿ?"

"ನಂದೇನವಾ, ಒಂದ. ಡಾಕ್ಟರ್ ಹೆಚ್ಚಿಗಿ ಬ್ಯಾಡಂದಾರ."

ಆಕೆ ಕೋಷ್ಟಕದ ಮೇಲೆ ಬೆರಳಾಡಿಸಿ ಗಂಭೀರವಾಗಿ ಹೇಳಿದಳು: "ಒಂದಂದ್ರ... ಐದು ವರ್ಷದೊಳಗಿನ ಕೂಸು, ಸರ್."

ಪ್ರೊಫೆಸರರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಲೇ ಒಪ್ಪಿಗೆಯ ಸಹಿ ಹಾಕಿದರು.

ಈಗ ಬೆಟಗೇರಿಯಲ್ಲಿ ನನ್ನ ಹೆಸರಿನ ಎರಡು ಕೋಣೆಯ ಮನೆಯಿದೆ, ಮೂರು ಕಪಾಟು ಪುಸ್ತಕವಿದೆ. ಓದಿ ಓದಿ ಬಲಗಣ್ಣು ಮಂಜಾಯಿತು. ಆಗೆಲ್ಲ ನನ್ನನ್ನು ನೋಡಲು ಬಂದ ಇಬ್ಬರು ವರರು ಕಪಾಟು ನೋಡಿ ತಿರುಗಿ ಹೋದರು. ಅವರು ಹೋದದ್ದಕ್ಕಲ್ಲ, ಕಣ್ಣಿನದಷ್ಟೇ ಬೇಸರ.