ಮಡಚುವ ಟ್ರೆಡ್‌ಮಿಲ್‌ಗಳ ಹೋಲಿಕೆ ಮತ್ತು ಮೂರನೇ ಹೋಳಿಗೆ

(ಇಲಾಖೆಯ ಮೊಹರು ಸವೆದಿರುವುದರಿಂದ ಹೆಸರು ಮೂಡಿರುವುದಿಲ್ಲ)

ಸಂಖ್ಯೆ: ಸಿಬ್ಬಂದಿ/ಚರಾಸ್ತಿ/ಮಡಚು/17/96-97
ದಿನಾಂಕ: 5-6-1997

ಸುತ್ತೋಲೆ

ವಿಷಯ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೌಕರರು ಮನೆ ಬಳಕೆಗಾಗಿ ಕಡಿಮೆ ಬೆಲೆಯ ಮಡಚುವ ಟ್ರೆಡ್‌ಮಿಲ್‌ಗಳನ್ನು ಹೋಲಿಸಿ ನೋಡುವಾಗ ಪಾಲಿಸಬೇಕಾದ ಕ್ರಮಗಳು.

ಉಲ್ಲೇಖ:
1. ಸೊರಬ ಕಚೇರಿಯ ಹೆಡ್ ಕ್ಲಾರ್ಕ್ ಶ್ರೀ ಪಂಚಾಕ್ಷರಪ್ಪ ಅವರ ಅರ್ಜಿ, ದಿ. 13-1-1997.
2. ಅದೇ ಅರ್ಜಿ, ವಾಪಸಾದ ನಂತರ ಮೂರು ಕೊಟೇಶನ್ ಸಮೇತ ಮತ್ತೆ ಬಂದದ್ದು, ದಿ. 27-1-1997.
3. ಪರಿಶೀಲನಾ ಸಮಿತಿಯ ವರದಿ, ದಿ. 30-4-1997.
4. ಶ್ರೀ ಪಂಚಾಕ್ಷರಪ್ಪ ಅವರ ಪತ್ರ, ದಿ. 12-5-1997 (ಮೂಲೆಯಲ್ಲಿ ತುಪ್ಪದ ಕಲೆ ಇರುತ್ತದೆ).

1. ಉಲ್ಲೇಖ ಒಂದರ ಅರ್ಜಿದಾರರಾದ ಪಂಚಾಕ್ಷರಪ್ಪ ಅವರಿಗೆ ಐವತ್ನಾಲ್ಕು ವರ್ಷ. ಜನವರಿ ಮೊದಲ ವಾರ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 212 ಎಂದು ಬಂದಿರುತ್ತದೆ. ವೈದ್ಯರು ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯಲು ಹೇಳಿರುತ್ತಾರೆ. ಅದೇ ಸಂಜೆ ಅವರ ಪತ್ನಿ ರಾಜೇಶ್ವರಮ್ಮ ಮನೆಯ ಮಟ್ಟದಲ್ಲಿ ಆದೇಶ ಹೊರಡಿಸಿ, ಮಗಳು ಚೈತ್ರಶ್ರೀಯ ಮೇ 11ರ ಮದುವೆಯೊಳಗೆ ಸಕ್ಕರೆ 130ಕ್ಕೆ ಇಳಿಯದಿದ್ದಲ್ಲಿ ಮದುವೆ ಊಟದ ದಿನ ಅವರ ಎಲೆಗೆ ಹೋಳಿಗೆ ಬೀಳುವುದಿಲ್ಲವೆಂದು ತಿಳಿಸಿರುತ್ತಾರೆ. ಸದರಿ ಆದೇಶಕ್ಕೆ ಮೇಲ್ಮನವಿ ಇರುವುದಿಲ್ಲ. ಹೆಣ್ಣಿನ ತಂದೆ ಬರೀ ಅನ್ನ ಸಾರು ಉಂಡು ಏಳುವುದನ್ನು ಬೀಗರು ನೋಡಿದರೆ ಏನೆಂದುಕೊಂಡಾರು ಎಂಬ ಚಿಂತೆಯನ್ನು ಪಂಚಾಕ್ಷರಪ್ಪ ಅರ್ಜಿಯ ಮೊದಲ ಪುಟದಲ್ಲಿ ತೋಡಿಕೊಂಡಿದ್ದಾರೆ. ಬೀಗರ ಮಾತು ಹಾಗಿರಲಿ, ತಮಗೆ ಹೋಳಿಗೆ ಬೇಕೇ ಬೇಕು ಎಂದು ಎರಡನೇ ಪುಟದಲ್ಲಿ ಒಪ್ಪಿಕೊಂಡಿದ್ದಾರೆ.

2. ಅವರು ನಡೆಯಲು ಪ್ರಯತ್ನಿಸಲಿಲ್ಲವೆಂದು ಯಾರೂ ಭಾವಿಸತಕ್ಕದ್ದಲ್ಲ. ಜನವರಿ 8ರ ಸಂಜೆ ಸೊರಬ ಬಸ್ ನಿಲ್ದಾಣದಿಂದ ಹೊರಟರು. ಹೆಡ್ ಕ್ಲಾರ್ಕ್ ಒಬ್ಬರು ಕೈಯಲ್ಲಿ ಫೈಲಿಲ್ಲದೆ ಬೀದಿಯಲ್ಲಿ ಸಿಕ್ಕಿದರೆ ಅವರು ಬಿಡುವಾಗಿದ್ದಾರೆ ಎಂದೇ ಊರಿನವರ ತಿಳುವಳಿಕೆ. ಖಾತೆ ಬದಲಾವಣೆ ಎಲ್ಲಿಗೆ ಬಂತು ಎಂದು ಕೇಳಲು ಒಬ್ಬರು, ಪಹಣಿಯಲ್ಲಿ ತಾತನ ಹೆಸರು ತಪ್ಪಿದೆ ಎಂದು ಹೇಳಲು ಇನ್ನೊಬ್ಬರು, ಹೀಗೆ ಎಂಟು ಜನ ನಿಲ್ಲಿಸಿದರು. ನಿಲ್ಲಿಸಿದವರೆಲ್ಲ ಟೀಗೆ ಕರೆದರು. ಒಂದು ಕಿಲೋಮೀಟರಿಗೆ ಎರಡು ಗಂಟೆ ಹತ್ತು ನಿಮಿಷ, ಏಳು ಟೀ ಮತ್ತು ಒಂದು ತಟ್ಟೆ ಮಿರ್ಚಿ ಖರ್ಚಾಗಿರುತ್ತದೆ. ಎಂಟನೆಯವರ ಟೀಯನ್ನು ಪಂಚಾಕ್ಷರಪ್ಪ ನಿರಾಕರಿಸಿದ್ದು ದಾಖಲಾಗಿದೆ. ಕ್ಯಾಸನೂರು ಕಡೆಯ ಕಾಡಂಚಿನ ರಸ್ತೆಯಲ್ಲಿ ಟೀ ಸಿಗುವುದಿಲ್ಲವಾದರೂ, ಮಂಗನ ಕಾಯಿಲೆಯ ಹಂಗಾಮಾದ್ದರಿಂದ ಆ ಕಡೆ ಸುಳಿಯಬಾರದೆಂದು ಬೋರ್ಡು ಹಾಕಲಾಗಿತ್ತು. ಆದ್ದರಿಂದ ಮನೆಯೊಳಗೇ ನಡೆಯುವ ಯಂತ್ರವೊಂದು, ಅದೂ ಮದುವೆ ಮನೆಯಲ್ಲಿ ಜಾಗ ತಿನ್ನದಂತೆ ಮಡಚುವಂಥದ್ದು, ಅನಿವಾರ್ಯವಾಯಿತು.

3. ನೌಕರರು ಬೆಲೆಬಾಳುವ ಸಾಮಾನು ಕೊಳ್ಳುವ ಮುನ್ನ ಇಲಾಖೆಗೆ ತಿಳಿಸಬೇಕೆಂಬುದು ನಿಯಮ. ಪಂಚಾಕ್ಷರಪ್ಪ ತಿಳಿಸಿದರು. ಮೂರು ಕೊಟೇಶನ್ ಲಗತ್ತಿಸಿಲ್ಲವೆಂದು ಅರ್ಜಿ ವಾಪಸಾಯಿತು. ಸ್ವಂತ ಹಣ, ಸ್ವಂತ ಮನೆ, ಸ್ವಂತ ಕಾಲು ಎಂದು ಅವರು ವಾದಿಸಬಹುದಿತ್ತು. ಆದರೆ ಮೂವತ್ತೊಂದು ವರ್ಷ ಇತರರ ಅರ್ಜಿಗಳನ್ನು ಇದೇ ಕಾರಣಕ್ಕೆ ವಾಪಸು ಕಳಿಸಿದವರು ಅವರೇ ಆದ್ದರಿಂದ ವಾದಿಸಲಿಲ್ಲ.

4. ಇಲ್ಲಿ ಮೂರನೇ ಕೊಟೇಶನ್‌ನ ಸಂಪ್ರದಾಯವನ್ನು ವಿವರಿಸುವುದು ಅವಶ್ಯ. ಸೊರಬದಲ್ಲಿ ಯಾವ ಕಚೇರಿ ಏನೇ ಕೊಂಡರೂ, ಫ್ಯಾನಾಗಲಿ ಜಮಖಾನೆಯಾಗಲಿ, ಮೂರನೇ ಕೊಟೇಶನ್ ಕೊಡುವವರು ವೆಲ್ಡಿಂಗ್ ಅಂಗಡಿಯ ಕೆಂಪಪ್ಪ. ಎಷ್ಟು ಬರೆಯಬೇಕೆಂದು ಗುಮಾಸ್ತರು ಹೇಳುತ್ತಾರೆ, ಕೆಂಪಪ್ಪ ಅದಕ್ಕೆ ನೂರು ಸೇರಿಸಿ ಬರೆಯುತ್ತಾರೆ, ಸಾಮಾನು ಬೇರೆಯವರಿಂದ ಬರುತ್ತದೆ. ಈ ಬಾರಿ ಮಗಳ ಮದುವೆಯ ಗಡಿಬಿಡಿಯಲ್ಲಿ ಪಂಚಾಕ್ಷರಪ್ಪ ಎಷ್ಟು ಬರೆಯಬೇಕೆಂದು ಹೇಳುವುದನ್ನು ಮರೆತರು. ಟ್ರೆಡ್‌ಮಿಲ್ ಎಂದರೆ ಹಿಟ್ಟಿನ ಗಿರಣಿಯ ಜಾತಿಯದಿರಬೇಕೆಂದು ಊಹಿಸಿದ ಕೆಂಪಪ್ಪ 3,200 ರೂಪಾಯಿ ಎಂದು ಬರೆದುಬಿಟ್ಟರು. ಮೂರರಲ್ಲಿ ಅದೇ ಕನಿಷ್ಠ ದರವಾಗಿ, ಕನಿಷ್ಠ ದರದವರ ಸಾಮಾನನ್ನು ನೋಡದೆ ಮುಂದುವರಿಯಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ, ಕೆಂಪಪ್ಪ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಕೊಟೇಶನ್‌ನಲ್ಲಿ ಬರೆದ ವಸ್ತುವನ್ನು ತಯಾರಿಸಬೇಕಾಯಿತು.

5. ಹೋಲಿಕೆಗೆ ಬಂದ ಯಂತ್ರಗಳ ವಿವರ ಹೀಗಿದೆ:

ಯಂತ್ರ ‘ಅ’: ಶಿಕಾರಿಪುರದ ಮಲ್ಲಿಕಾರ್ಜುನ್ ಅವರ ಸೈಕಲ್ ಅಂಗಡಿಯದು. ಬೆಲೆ 6,450. ಮೋಟಾರಿಲ್ಲ, ಪಟ್ಟಿಯನ್ನು ಕಾಲಿನಿಂದಲೇ ತಳ್ಳಬೇಕು. ತೂಕ 32 ಕಿಲೋ. ಮಡಚಿದರೆ ಬಾಗಿಲ ಹಿಂದೆ ನಿಲ್ಲುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ. ಗ್ಯಾರಂಟಿ ಆರು ತಿಂಗಳು, ಪಟ್ಟಿ, ಉರುಳೆ, ಹಿಡಿಕೆ ಮತ್ತು ಚೌಕಟ್ಟುಗಳನ್ನು ಹೊರತುಪಡಿಸಿ.

ಯಂತ್ರ ‘ಆ’: ಶಿಕಾರಿಪುರದ ಉಪನ್ಯಾಸಕಿ ಜಗದಾಂಬ ಅವರು ಅಂಚೆಯಲ್ಲಿ ತರಿಸಿ ಒಂದು ವರ್ಷ ಬಳಸಿದ ಕರೆಂಟಿನ ಯಂತ್ರ. ಬೆಲೆ 11,000. ತೂಕ 58 ಕಿಲೋ. ಕರೆಂಟು ಹೋದಾಗ ಪಟ್ಟಿ ತಟ್ಟನೆ ನಿಲ್ಲುತ್ತದೆ, ಮೇಲಿರುವ ಮನುಷ್ಯ ನಿಲ್ಲುವುದಿಲ್ಲ. ತಮ್ಮ ಯಜಮಾನರು ಹೀಗೆ ಎದುರಿನ ಶೋಕೇಸಿನವರೆಗೆ ಹೋಗಿ ಬಂದ ಮೇಲೆ ಅದರ ಮೇಲೆ ಸಂಡಿಗೆ ಒಣಗಿಸುತ್ತಿರುವುದಾಗಿ ಜಗದಾಂಬ ಮುಚ್ಚುಮರೆಯಿಲ್ಲದೆ ತಿಳಿಸಿರುತ್ತಾರೆ.

ಯಂತ್ರ ‘ಇ’: ಕೆಂಪಪ್ಪ ಅವರದು. ಬೆಲೆ ಮೇಲೆ ತಿಳಿಸಿದಂತೆ. ಅಕ್ಕಿ ಗಿರಣಿಯ ಹಳೆಯ ಬೆಲ್ಟು, ಹಳೆಯ ಮಂಚದ ಕಬ್ಬಿಣ. ತೂಕ 74 ಕಿಲೋ. ಹಿಡಿಕೆ ಹೊರಮುಖವಾಗಿ ಮಡಚಿಕೊಳ್ಳುವುದರಿಂದ, ಬಿಚ್ಚಿದ್ದಕ್ಕಿಂತ ಮಡಚಿದಾಗ ಒಂಬತ್ತು ಇಂಚು ಹೆಚ್ಚು ಉದ್ದವಿರುತ್ತದೆ. ಗ್ಯಾರಂಟಿ ಎಷ್ಟು ಎಂದು ಕೇಳಿದ್ದಕ್ಕೆ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ನಾ ಊರು ಬಿಟ್ಟು ಎಲ್ಲಿಗ್ ಹೋಗ್ತೀನ್ರೀ ಮಾರಾಯ್ರೆ? ಮುರುದ್ರೆ ತಗಂಡ್ ಬನ್ನಿ, ಇನ್ನೊಂದು ಕಂಬಿ ಹಾಕ್ಕೊಡ್ತೀನಿ.” ಮೂರರ ಪೈಕಿ ಇದೇ ಅತಿ ದೀರ್ಘ ಗ್ಯಾರಂಟಿ ಎಂದು ಪರಿಗಣಿಸಲಾಗಿದೆ.

6. ಯಂತ್ರಗಳ ಪರಿಶೀಲನೆಗೆ ಮೂವರ ಸಮಿತಿ ರಚಿಸಲಾಯಿತು. ಎರಡು ಸ್ಥಾನಗಳು ಖಾಲಿ ಇದ್ದುದರಿಂದ ಶಿಕಾರಿಪುರ ಕಚೇರಿಯ ಭೂಮಾಪಕ ಕರಿಯಣ್ಣ ಒಬ್ಬರೇ ಸಮಿತಿಯಾದರು. ಒಂದೇ ನೆಲದ ಮೇಲೆ ಇಡದೆ ಹೋಲಿಸುವುದು ನ್ಯಾಯವಲ್ಲವೆಂದು ಅವರು ಅಭಿಪ್ರಾಯಪಟ್ಟ ಮೇರೆಗೆ, ಫೆಬ್ರವರಿ 9ರ ಭಾನುವಾರ ಮೂರೂ ಯಂತ್ರಗಳನ್ನು ಸೊರಬದಲ್ಲಿರುವ ಪಂಚಾಕ್ಷರಪ್ಪ ಅವರ ಮನೆಯ ಹಾಲಿಗೆ ಸಾಗಿಸಲಾಯಿತು. ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚುತ್ತಿದ್ದ ರಾಜೇಶ್ವರಮ್ಮ ಪತ್ರಿಕೆಗಳ ಸಮೇತ ಅಡುಗೆಮನೆಗೆ ಸ್ಥಳಾಂತರಗೊಂಡರು.

7. ಪಂಚಾಕ್ಷರಪ್ಪ ಆಸೆಯಿಂದ ಚಪ್ಪಲಿ ಬಿಟ್ಟು ‘ಅ’ ಯಂತ್ರದ ಮೇಲೆ ಒಂದು ಕಾಲಿಟ್ಟರು. ಸಮಿತಿಯು ತಡೆಯಿತು. ಅರ್ಜಿಯನ್ನು ಮುಂದೆ ಹಿಡಿದು ಕರಿಯಣ್ಣ ಹೇಳಿದ ಮಾತು ಇಲಾಖೆಯ ದೃಷ್ಟಿಯಲ್ಲಿ ಮಹತ್ವದ್ದಾಗಿದೆ: “ಅರ್ಜಿನಾಗೆ ಮಡಚೋ ಯಂತ್ರ ಅಂತ ಬರ್ದೀರಿ. ಮಡಚಿ ತೋರಿಸ್ರಿ. ನಡೆಯೋದು ಖಾಸಗಿ ವಿಚಾರ ಐತಿ, ಕೊಂಡ್ ಮ್ಯಾಲೆ ನೋಡ್ಕಳ್ರಿ.” ಮೂವತ್ತೊಂದು ವರ್ಷದ ಸೇವೆಯಲ್ಲಿ ಇಷ್ಟು ಸರಿಯಾದ ಟಿಪ್ಪಣಿಯನ್ನು ತಾವೂ ಬರೆದಿಲ್ಲವೆಂದು ಪಂಚಾಕ್ಷರಪ್ಪ ಅವರಿಗೆ ಅನಿಸಿದ್ದರಿಂದ ಅವರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

8. ಒಮ್ಮೆ ಮಡಚಿದ್ದು ಆಕಸ್ಮಿಕವಿರಬಹುದಾದ್ದರಿಂದ ಐದು ಬಾರಿ ಮಡಚಿ ಬಿಚ್ಚಬೇಕೆಂದು ತೀರ್ಮಾನವಾಯಿತು. ಬೆಳಗಿನ ಚಳಿಗೂ ಸಂಜೆಯ ಬಿಸಿಗೂ ಕಬ್ಬಿಣದ ಗುಣ ಬೇರೆಯಾಗುವುದರಿಂದ ಬೆಳಿಗ್ಗೆ ಐದು, ಸಂಜೆ ಐದು. ಸಮಿತಿಯು ಸಾಮಾನು ಮುಟ್ಟಿದರೆ ನಿಷ್ಪಕ್ಷಪಾತಕ್ಕೆ ಧಕ್ಕೆ ಬರುವುದರಿಂದ ಮಡಚುವ ಕೆಲಸ ಅರ್ಜಿದಾರರದೇ. ಕರಿಯಣ್ಣ ಭಾನುವಾರದ ಬಸ್ಸಿಗೆ ಬಂದು ಕುರ್ಚಿಯಲ್ಲಿ ಕೂತು ರಿಜಿಸ್ಟರು ನೋಡಿ ಸಹಿ ಮಾಡುವುದೆಂದಾಯಿತು. ಫೆಬ್ರವರಿ 10ರಿಂದ ಏಪ್ರಿಲ್ 30ರವರೆಗೆ ಎಂಬತ್ತು ದಿನ ಪಂಚಾಕ್ಷರಪ್ಪ ಕಚೇರಿಗೆ ಹೊರಡುವ ಮುನ್ನ ಹಾಗೂ ಬಂದ ನಂತರ, ಪಂಚೆ ಎತ್ತಿ ಕಟ್ಟಿ, ಮೂರೂ ಯಂತ್ರಗಳನ್ನು ಮಡಚಿದರು, ಬಿಚ್ಚಿದರು. ರಿಜಿಸ್ಟರಿನ ಪ್ರಕಾರ ಒಟ್ಟು 2,400 ಬಾರಿ. ‘ಇ’ ಯಂತ್ರವನ್ನು ಎತ್ತುವಾಗ ಅವರು ಹೊರಡಿಸುತ್ತಿದ್ದ ಸದ್ದಿಗೆ ಅಕ್ಕಪಕ್ಕದವರು ಗಡಿಯಾರ ಸರಿಮಾಡಿಕೊಳ್ಳತೊಡಗಿದ್ದರು. ಸಂಜೆಗಳೆಲ್ಲ ಹೀಗೆ ಕಳೆದದ್ದರಿಂದ ಪೇಟೆಗೆ ಹೋಗಲಾಗಲಿಲ್ಲ. ಪೇಟೆಗೆ ಹೋಗದ್ದರಿಂದ ಟೀ ಕುಡಿಸುವವರಿಗೆ ಅವರು ಸಿಗಲಿಲ್ಲ.

9. ಮೇ 3ರಂದು ಮತ್ತೆ ರಕ್ತ ಪರೀಕ್ಷೆ ಮಾಡಿಸಲಾಗಿ ಸಕ್ಕರೆ 124 ಎಂದು ಬಂದಿರುತ್ತದೆ. ತೂಕ ಏಳು ಕಿಲೋ ಇಳಿದಿರುತ್ತದೆ. ಯಾವ ಯಂತ್ರದ ಮೇಲೆ ನಡೆದಿರಿ ಎಂದು ವೈದ್ಯರು ಕುತೂಹಲದಿಂದ ವಿಚಾರಿಸಿದ್ದಕ್ಕೆ, ಇನ್ನೂ ಯಾವುದರ ಮೇಲೂ ನಡೆದಿಲ್ಲ, ಹೋಲಿಕೆ ಈಗಷ್ಟೇ ಮುಗಿದಿದೆ ಎಂದು ಪಂಚಾಕ್ಷರಪ್ಪ ಉತ್ತರಿಸಿರುತ್ತಾರೆ. ವೈದ್ಯರು ಇನ್ನೊಮ್ಮೆ ರಕ್ತದೊತ್ತಡ ನೋಡಿ ಕಳಿಸಿರುತ್ತಾರೆ. ಮರುದಿನ ಚಪ್ಪರದವರು ಬಂದಾಗ ಹಾಲಿನಲ್ಲಿ ನಿಲ್ಲಲು ಜಾಗವಿಲ್ಲದ್ದನ್ನು ಕಂಡ ರಾಜೇಶ್ವರಮ್ಮ ಮೂರೂ ಯಂತ್ರಗಳನ್ನು ಮಾಲೀಕರಿಗೆ ಹಿಂದಿರುಗಿಸಿದ್ದು, ಖರೀದಿಗೆ ಅನುಮತಿ ನೀಡಿದ ಇಲಾಖೆಯ ಪತ್ರವು ಅದಾದ ಎರಡು ದಿನಕ್ಕೆ ತಲುಪಿರುತ್ತದೆ.

10. ಮೇಲ್ಕಂಡ ಅನುಭವದ ಹಿನ್ನೆಲೆಯಲ್ಲಿ ಎರಡೂ ತಾಲ್ಲೂಕುಗಳ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

(ಕ) ಸಕ್ಕರೆ, ತೂಕ ಅಥವಾ ಹೆಂಡತಿಯ ಆದೇಶದಿಂದ ಬಾಧಿತರಾದ ನೌಕರರು ಟ್ರೆಡ್‌ಮಿಲ್ ಕೊಳ್ಳಲು ಅರ್ಜಿ ಸಲ್ಲಿಸಬಹುದು. ಕೊಳ್ಳತಕ್ಕದ್ದಲ್ಲ.

(ಖ) ಹೋಲಿಕೆಯನ್ನು ಎಂಬತ್ತು ದಿನಗಳೊಳಗೆ ಮುಗಿಸುವ ನೌಕರರ ಮೇಲೆ ಅವಸರದ ಕಾರಣಕ್ಕಾಗಿ ಕ್ರಮ ಜರುಗಿಸಲಾಗುವುದು.

(ಗ) ಹೋಲಿಕೆಯ ಅವಧಿಯಲ್ಲಿ ಯಂತ್ರದ ಮೇಲೆ ನಡೆಯುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ನಡೆದಿರುವವರು ಅಷ್ಟೇ ದೂರ ಹಿಮ್ಮುಖವಾಗಿ ನಡೆದು ಲೆಕ್ಕ ಸರಿದೂಗಿಸತಕ್ಕದ್ದು.

(ಘ) ಯಂತ್ರದ ಮೇಲೆ ಹದಿನೈದು ಕಿಲೋಮೀಟರ್ ನಡೆದು, ಪ್ರವಾಸದ ದಿನಚರಿಯಲ್ಲಿ ಚಂದ್ರಗುತ್ತಿಗೆ ಹೋಗಿಬಂದೆನೆಂದು ಬರೆಯುವ ನೌಕರರನ್ನು ಚಂದ್ರಗುತ್ತಿಯಲ್ಲೇ ಇದ್ದಾರೆಂದು ಪರಿಗಣಿಸಿ, ಅವರ ಸಂಬಳವನ್ನು ಅಲ್ಲಿಗೇ ಕಳಿಸಲಾಗುವುದು.

(ಙ) ಯಂತ್ರದ ಮೇಲೆ ಸಂಡಿಗೆ ಒಣಗಿಸುವವರು ಪಟ್ಟಿ ಚಲಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಚಲಿಸಿದ ಸಂಡಿಗೆಗೆ ಇಲಾಖೆ ಹೊಣೆಯಲ್ಲ.

(ಚ) ಮಡಚಿದಾಗ ಉದ್ದವಾಗುವ ಯಂತ್ರಗಳನ್ನು ಇನ್ನು ಮುಂದೆ ಬಿಚ್ಚಿದ ಸ್ಥಿತಿಯಲ್ಲಿ ಮಡಚಿದವೆಂದೂ, ಮಡಚಿದ ಸ್ಥಿತಿಯಲ್ಲಿ ಬಿಚ್ಚಿದವೆಂದೂ ನಮೂದಿಸತಕ್ಕದ್ದು.

11. ಇನ್ನು ಉಲ್ಲೇಖ ನಾಲ್ಕರ ಪತ್ರದ ವಿಚಾರ. ಮೇ 11ರ ಮಧ್ಯಾಹ್ನ ಒಂದೂಕಾಲಕ್ಕೆ ಬೀಗರ ಪಂಕ್ತಿ ಎದ್ದ ನಂತರ ಪಂಚಾಕ್ಷರಪ್ಪ ಎಲೆಯ ಮುಂದೆ ಕುಳಿತರು. ಜೇಬಿನಲ್ಲಿ ರಕ್ತದ ವರದಿ ಇತ್ತು, ಯಾರೂ ಕೇಳಲಿಲ್ಲ. ರಾಜೇಶ್ವರಮ್ಮ ಬಡಿಸುವವರ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಬಂದು ಒಂದು ಹೋಳಿಗೆ ಬಡಿಸಿದರು, ನಂತರ ಇನ್ನೊಂದು ಬಡಿಸಿದರು. ತುಪ್ಪವನ್ನು ಅಳತೆಯಿಲ್ಲದೆ ಹಾಕಿದರೆಂದು ಪಕ್ಕದ ಎಲೆಯಲ್ಲಿದ್ದ ಕರಿಯಣ್ಣ ದೃಢೀಕರಿಸಿರುತ್ತಾರೆ. ನಾಲ್ಕು ತಿಂಗಳಿನಿಂದ ಕಾದಿದ್ದ ಪಂಚಾಕ್ಷರಪ್ಪ ಎರಡನ್ನೂ ತಿಂದು ಮುಗಿಸಿ, ತಲೆಯೆತ್ತಿ ಪತ್ನಿಯ ಮುಖವನ್ನೂ ಅವರ ಕೈಯ ತಟ್ಟೆಯನ್ನೂ ನೋಡಿದರು. ಆಗ ರಾಜೇಶ್ವರಮ್ಮ ಹೇಳಿದ್ದು: “ಎರಡು ಆಯ್ತಲ್ರೀ. ಮೂರನೇದು ಬೇಕಂದ್ರೆ ಮೂರು ಕೊಟೇಶನ್ ತಗಂಡ್ ಬರ್ರಿ.”

12. ಇಂತಹ ಷರತ್ತು ವಿಧಿಸಲು ಪತ್ನಿಗೆ ಅಧಿಕಾರವಿದೆಯೇ ಎಂದು ಪಂಚಾಕ್ಷರಪ್ಪ ಮರುದಿನವೇ ಇಲಾಖೆಯ ಸ್ಪಷ್ಟೀಕರಣ ಕೋರಿರುತ್ತಾರೆ. ಕಡತಗಳನ್ನು ಪರಿಶೀಲಿಸಲಾಗಿ, ಅಧಿಕಾರವಿದೆ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಅವರು ಪತ್ರದ ಜೊತೆ ಮುಂಜಾಗ್ರತೆಯಾಗಿ ಮೂರು ಕೊಟೇಶನ್‌ಗಳನ್ನೂ ಲಗತ್ತಿಸಿದ್ದಾರೆ. ಮೊದಲನೆಯದು ಸೊರಬದ ಅಡುಗೆಯವರದು, ಎರಡನೆಯದು ಶಿಕಾರಿಪುರದ ಅಡುಗೆಯವರದು. ಮೂರನೆಯದು ಕೆಂಪಪ್ಪ ಅವರದು. ಈ ಬಾರಿಯೂ ಎಷ್ಟು ಬರೆಯಬೇಕೆಂದು ಅವರಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ.

ಸಹಿ/-
(ಹೆಸರು ಓದಲಾಗುವುದಿಲ್ಲ)
ಮೇಲಧಿಕಾರಿಗಳ ಪರವಾಗಿ, ಅವರು ರಜೆಯಲ್ಲಿರುವುದರಿಂದ ಅವರ ಪರವಾಗಿರುವವರ ಪರವಾಗಿ

ಪ್ರತಿಗಳು:
1. ಶಿಕಾರಿಪುರ ಮತ್ತು ಸೊರಬ ಕಚೇರಿಗಳ ಸೂಚನಾ ಫಲಕಗಳಿಗೆ, ನಾಲ್ಕಾಗಿ ಮಡಚಿ ಅಂಟಿಸಲು.
2. ಶ್ರೀ ಕರಿಯಣ್ಣ, ಭೂಮಾಪಕರು, ಅವರಿಗೆ. ಸಮಿತಿಯ ಮೂರೂ ಸದಸ್ಯರಿಗೆ ಓದಿ ಹೇಳಲು.
3. ಶ್ರೀಮತಿ ಜಗದಾಂಬ ಅವರಿಗೆ, ಮಳೆ ಶುರುವಾಗುವ ಮುನ್ನ ಸಂಡಿಗೆ ತೆಗೆಯಲು.
4. ಶ್ರೀ ಪಂಚಾಕ್ಷರಪ್ಪ, ಹೆಡ್ ಕ್ಲಾರ್ಕ್, ಅವರಿಗೆ. ಹೋಳಿಗೆಗಳ ಹೋಲಿಕೆಯನ್ನೂ ಎಂಬತ್ತು ದಿನ ನಡೆಸತಕ್ಕದ್ದು, ಆ ಅವಧಿಯಲ್ಲಿ ಹೋಳಿಗೆಯನ್ನು ಮಡಚಿ ಮಾತ್ರ ನೋಡತಕ್ಕದ್ದು ಎಂಬ ಸೂಚನೆಯೊಂದಿಗೆ.
5. ಶ್ರೀಮತಿ ರಾಜೇಶ್ವರಮ್ಮ ಅವರಿಗೆ, ಮುಂದಿನ ಆದೇಶಕ್ಕಾಗಿ ಗೌರವಪೂರ್ವಕವಾಗಿ ಸಲ್ಲಿಸಲಾಗಿದೆ.
6. ಶ್ರೀ ಕೆಂಪಪ್ಪ, ವೆಲ್ಡಿಂಗ್ ಅಂಗಡಿ, ಸೊರಬ, ಅವರಿಗೆ. ಹೋಳಿಗೆಗೆ ಅವರ ದರವೇ ಕನಿಷ್ಠವಾಗಿರುವುದರಿಂದ, ಕೂಡಲೇ ಬೇಳೆ ನೆನೆಹಾಕಲು.