ಅತ್ತೆಯ ಬೇಸ್‌ಬಾಲ್ ಪಾಂಡಿತ್ಯ

ಇಡೀ ನ್ಯೂಜೆರ್ಸಿಯಲ್ಲಿ ಬೇಸ್‌ಬಾಲ್ ಅರ್ಥವಾಗಿರೋದು ಒಬ್ಬರಿಗೇ, ನಮ್ಮ ಸೋದರತ್ತೆಗೆ! ಹಾಗಂತ ನಾನಲ್ಲ, ಅವರೇ ಹೇಳೋದು. ಈ ಪಾಂಡಿತ್ಯ ಎಲ್ಲಿಂದ ಬಂತು ಅಂತೀರಾ? ಟಿವಿಯಲ್ಲಿ ಬರುವ ಕಾರ್ಟೂನ್ ಸಂಸಾರವೊಂದರ ಒಂದೇ ಒಂದು ಎಪಿಸೋಡಿನಿಂದ. ಅದರಲ್ಲಿ ತಂಡಕ್ಕೆ ಜನ ಸಾಲದೆ ಮನೆಯ ಅಜ್ಜಿಗೇ ಬ್ಯಾಟ್ ಕೊಟ್ಟು ನಿಲ್ಲಿಸುತ್ತಾರೆ. ಅಜ್ಜಿ ಬೀಸೋದೇ ಇಲ್ಲ. ಎಸೆಯುವವನು ನಾಲ್ಕು ಸಲ ಅಡ್ಡಾದಿಡ್ಡಿ ಎಸೆದು, ಅಜ್ಜಿಗೆ ಪುಕ್ಕಟೆಯಾಗಿ ಮೊದಲನೇ ಬೇಸ್, ಅಂದರೆ ಓಟದ ಮೊದಲ ನಿಲ್ದಾಣ, ಸಿಕ್ಕಿಬಿಡುತ್ತೆ! ಅತ್ತೆ ಇದನ್ನು ವಾರಕ್ಕೆರಡು ಸಲ ನೋಡ್ತಾರೆ. ದೇವರ ಪೂಜೆ ತಪ್ಪಿದರೂ ಇದು ತಪ್ಪಲ್ಲ.

ಒಮ್ಮೆ ನಿಜವಾದ ಆಟಕ್ಕೇ ಕರ್ಕೊಂಡು ಹೋದೆ. ಅರ್ಧ ಗಂಟೆಗೆಲ್ಲ ಚೀಲ ಹೆಗಲಿಗೇರಿಸಿ ಎದ್ದು ನಿಂತರು.

"ಅತ್ತೆ, ಇನ್ನೂ ಎರಡೂವರೆ ಗಂಟೆ ಇದೆ!"

"ಕಾರ್ಟೂನಲ್ಲಿ ಜಾಹೀರಾತೂ ಸೇರಿ ಅರ್ಧ ಗಂಟೇಲಿ ಮುಗಿಸ್ತಾರೆ. ಇವರಿಗೆ ಆಡೋಕೇ ಬರಲ್ಲ, ನಡಿ!"

ಹೋದ ವರ್ಷ ಅತ್ತೆಯ ಒಂಬತ್ತು ವರ್ಷದ ಮೊಮ್ಮಗಳು ಊರಿನ ಮಕ್ಕಳ ಟೀಮಿಗೆ ಸೇರಿದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಪಾಪ, ಇಡೀ ಸೀಸನ್ನು ಒಂದು ಬಾಲೂ ಅವಳ ಬ್ಯಾಟಿಗೆ ತಾಗಲಿಲ್ಲ. ಕೊನೆಯ ಮ್ಯಾಚಿನ ದಿನ ಕಾರಿನಲ್ಲಿ ಗೊಳೋ ಅಂತ ಅತ್ತಳು.

"ಎವ್ರಿಬಡಿ ಲಾಫ್ಸ್ ಅಟ್ ಮಿ, ಅಜ್ಜಿ. ಇಫ್ ಐ ಆಮ್ ಔಟ್ ಟುಡೇ, ಐ ಕ್ವಿಟ್!"

ಅತ್ತೆ ಸುಮ್ಮನಿರ್ತಾರಾ? ಹೊಸ ಕಾರಿಗೆ ಪೂಜೆ ಮಾಡೋ ಹಾಗೆ, ಪಾರ್ಕಿಂಗ್ ಲಾಟಿನಲ್ಲೇ ಬ್ಯಾಟಿಗೆ ಅರಿಶಿನ ಕುಂಕುಮ ಬಳಿದು ನಿಂಬೆಹಣ್ಣು ನಿವಾಳಿಸಿದರು. ಮೈದಾನಕ್ಕೆ ಬಂದರೆ ಅಂಪೈರ್ ಹೌಹಾರಿಬಿಟ್ಟ. "ಈಸ್ ದಟ್ ಬ್ಲಡ್?"

"ನೋ ಬ್ಲಡ್. ಓನ್ಲಿ ಗಾಡ್!" ಅಂದ ಅತ್ತೆ ಅವನ ಕೈಗೊಂದು ಪೊಟ್ಟಣ ಚುರುಮುರಿ ತುರುಕಿದರು. ನಾನು ಬ್ಯಾಟು ಒರೆಸಿ ಮುಗಿಸೋಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು.

ಆಮೇಲೆ ಮೊಮ್ಮಗಳ ಕಿವಿಯಲ್ಲಿ ಉಪದೇಶ. "ಬೀಸಲೇಬೇಡ ಪುಟ್ಟಿ. ಸುಮ್ನೆ ನಿಂತ್ಕೋ. ಎಸೆಯೋರೇ ತಪ್ಪು ಮಾಡ್ತಾರೆ."

"ವಾಟ್ ಇಫ್ ದೇ ಡೋಂಟ್?"

ಇದಕ್ಕೆ ಕಾರ್ಟೂನಿನಲ್ಲಿ ಉತ್ತರವಿರಲಿಲ್ಲ. ಅತ್ತೆ ಅವಳ ಕೆನ್ನೆ ಸವರಿದರು. "ಆಗ ಸೀದಾ ನನ್ನ ಹತ್ರ ಬಾ. ಇಲ್ಲೇ ಕೂತಿರ್ತೀನಿ."

ಹುಡುಗಿ ಹೋಗಿ ನಿಂತಳು. ಒಂದು ಬಾಲ್ ಅಡ್ಡ, ಎರಡನೆಯದೂ ಅಡ್ಡ, ಮೂರನೆಯದು ತಲೆ ಮೇಲಿಂದ! "ಇನ್ನೊಂದೇ!" ಅಂತ ಅತ್ತೆ ಕುರ್ಚಿ ಬಿಟ್ಟು ಎದ್ದರು. ಅಷ್ಟೇ ನೋಡಿ, ಮುಂದಿನ ಮೂರೂ ಬಾಲು ನೆಟ್ಟಗೆ ನಡುವಿಗೇ ಬಂದವು. ಅಂಥ ಮೂರು ಬಾಲು ಬಿಟ್ಟರೆ ಔಟ್ ಅನ್ನೋ ಪಾಠ ಆ ಎಪಿಸೋಡಿನಲ್ಲಿ ಇಲ್ಲವಲ್ಲ! ಅಜ್ಜಿ ಹೇಳಿದ್ದಾರೆ ಅಂತ ಮಗು ಅಲುಗಾಡದೆ ನಿಂತೇ ಇತ್ತು.

ಔಟಾದವಳು ಕೋಚ್ ಕಡೆಗೂ ನೋಡದೆ ಸೀದಾ ಅತ್ತೆಯ ಹತ್ತಿರ ಬಂದಳು. ಈಗ ಅಂಪೈರಿಗೆ ಸಹಸ್ರನಾಮ ಶುರುವಾಗುತ್ತೆ ಅಂತ ನಾನು ಕಾರಿನ ಕೀ ಹುಡುಕುತ್ತಿದ್ದೆ. ಅತ್ತೆ ಅವಳನ್ನು ಎದೆಗೊತ್ತಿಕೊಂಡರು. ನೋಡಿದರೆ ಅವರ ಕಣ್ಣಲ್ಲಿ ನೀರು!

"ತಪ್ಪು ನಂದು ಪುಟ್ಟಿ. ನಂಗೆ ಬೇಸ್‌ಬಾಲ್ ಬರಲ್ಲ ಕಣೆ."

ಹುಡುಗಿ ಟೋಪಿ ತೆಗೆದು, ತನ್ನ ಮುಖಕ್ಕಿಂತ ಮೊದಲು ಅಜ್ಜಿಯ ಮುಖ ಒರೆಸಿದಳು. ಆಮೇಲೆ ತೊದಲುತ್ತಾ, ಕನ್ನಡದಲ್ಲೇ ಅಂದಳು: "ಅಳಬೇಡ ಅಜ್ಜಿ. ಮುಂದಿನ ವರ್ಷ ನಾನು ಹೇಳಿಕೊಡ್ತೀನಿ."