ಮನೆತನದ ದವಡೆ

ಲಾರಿಯಿಂದ ಜಾರಿದ ಶೇಂಗಾ ಚೀಲವೊಂದು ಅಮರೇಶನ ಎಡದವಡೆಯನ್ನು ಪುಡಿ ಮಾಡಿತು. ಚಳ್ಳಕೆರೆ ಮಂಡಿಯಲ್ಲಿ ಒಂದು ಶೇಂಗಾ ಕಡಿದು ನೋಡಿ, ಎಣ್ಣೆ ಎಷ್ಟು ಬಂದೀತೆಂದು ಹೇಳುತ್ತಿದ್ದ ದಲ್ಲಾಳಿ ಈಗ ಅನ್ನವನ್ನೂ ಅಗಿಯುವಂತಿರಲಿಲ್ಲ. ಡಾಕ್ಟರು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ತಂತಿ ಬಿಗಿದಿದ್ದರು. ಚಿಕ್ಕಂದಿನಲ್ಲಿ ಚಿಣ್ಣಿದಾಂಡಿನ ಏಟಿಗೆ ಕೆಳಸಾಲಿನ ಮುಂದಿನ ಹಲ್ಲೊಂದು ಹೋಗಿದ್ದೇ ಪುಣ್ಯ. ಆ ಸಂದಿಯಲ್ಲಿ ಸ್ಟ್ರಾ ತೂರಿಸಿ ರಾಗಿ ಗಂಜಿ ಹೀರುತ್ತಿದ್ದ. ಬಾಯಿಂದ ಹೊರಡುತ್ತಿದ್ದ ಮಾತು "ಊಂ" ಒಂದೇ.

ಬೆಂಗಳೂರಿನ ಎಂಜಿನಿಯರ್ ಕಾಂಚನಾ ಅವನ ಸ್ಕ್ಯಾನ್ ನೋಡಿ ಕಂಪ್ಯೂಟರಿನಲ್ಲಿ ಹೊಸ ದವಡೆ ಎಲುಬು ರೂಪಿಸಿದ್ದಳು. ಇವತ್ತು ವಿಡಿಯೊ ಕಾಲ್‌ನಲ್ಲಿ ನೋಡಿ ಒಪ್ಪಿದರೆ ಸಂಜೆಗೇ ಪ್ರಿಂಟು, ಮುಂದಿನ ವಾರ ಆಪರೇಷನ್. ತಪ್ಪಿದರೆ ಡಾಕ್ಟರು ವಿದೇಶಕ್ಕೆ ಹೋಗಿ ಬರುವವರೆಗೆ ಗಂಜಿಯೇ ಗತಿ.

ಅಮರೇಶ ಒಬ್ಬನೇ ನೋಡಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ದೊಡ್ಡಪ್ಪ ಜಯದೇವಪ್ಪ ಅವನ ಫೋನನ್ನೇ ಕಿತ್ತುಕೊಂಡು ಟಿವಿಗೆ ಜೋಡಿಸಿ, ಹೆಣ್ಣು ನೋಡುವ ಶಾಸ್ತ್ರಕ್ಕೆಂಬಂತೆ ಜಮಖಾನೆ ಹಾಸಿಸಿ ಕೂತರು. ಪಕ್ಕದ ಮನೆಯ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪ ಕರೆಯದೆಯೇ ಬಂದ.

ಟಿವಿಯಲ್ಲಿ ಹಲ್ಲು ಸಮೇತ ದವಡೆಯೊಂದು ತಿರುಗತೊಡಗಿತು.

"ಚೆನ್ನಾಗಿರೋ ಬಲಗಡೆ ಎಲುಬನ್ನ ಕನ್ನಡೀಲಿ ಕಂಡಂಗೆ ತಿರುಗಿಸಿ ಎಡಗಡೆ ಕೂರಿಸಿದ್ದೀವಿ ಸರ್," ಎಂದಳು ಕಾಂಚನಾ. "ನೀವು ಹೂಂ ಅಂದ್ರೆ ಟೈಟಾನಿಯಂ ಪುಡಿ ಕರಗಿಸಿ ಪದರದ ಮೇಲೆ ಪದರ ಪ್ರಿಂಟ್ ಮಾಡ್ತೀವಿ."

"ಸ್ವಲ್ಪ ಲೂಜಾಗೇ ಮಾಡಮ್ಮ," ಎಂದ ಮುರುಗೇಂದ್ರಪ್ಪ. "ಮುಂದೆ ಹುಡುಗ ದಪ್ಪ ಆಗ್ತಾನೆ."

"ಹೆಂಗೂ ಹೊಸದು ಮಾಡಿಸ್ತಾ ಇದೀವಿ, ಗಲ್ಲದಾಗೆ ಒಂದು ಗುಳಿ ಬಿಡವ್ವ," ಎಂದಳು ಅಮರೇಶನ ಅವ್ವ ಸರ್ವಮಂಗಳ. "ಹೆಣ್ಣು ಕೊಡೋರು ಮೊದ್ಲು ಮುಖ ನೋಡ್ತಾರೆ."

ಜಯದೇವಪ್ಪ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಅವರ ಕಣ್ಣು ತುಂಬಿ ಬಂದಿತ್ತು.

"ಸಾಕ್ಷಾತ್ ನಮ್ಮಪ್ಪ! ಆ ಅಗಲ ನೋಡ್ರಿ, ಆ ಗತ್ತು ನೋಡ್ರಿ. ಗಂಡಸಿನ ದವಡೆ ಅಂದ್ರೆ ಇದು. ನಮ್ಮ ಮನೆತನ ಬಿಟ್ರೆ ಈ ತಾಲ್ಲೂಕಿನಾಗೆ ಯಾರಿಗೈತೆ?"

ಟಿವಿಯನ್ನೇ ದಿಟ್ಟಿಸುತ್ತಿದ್ದ ಅಮರೇಶ ದಡಕ್ಕನೆ ನೆಟ್ಟಗೆ ಕೂತ. "ಊಂ! ಊಂ!" ಎಂದ.

"ನೋಡ್ರಿ, ಅವನೂ ಒಪ್ದ," ಎಂದರು ದೊಡ್ಡಪ್ಪ.

ಅಮರೇಶ ಜೋರಾಗಿ ತಲೆ ಅಲ್ಲಾಡಿಸಿದ. ಮಗನಿಗೆ ತಲೆಸುತ್ತು ಬಂತೆಂದು ಅವ್ವ ಓಡಿಹೋಗಿ ಹರಳೆಣ್ಣೆ ತಂದು ನೆತ್ತಿಗೆ ತಟ್ಟಿದಳು. ಏನಾದರೂ ಬರೆದು ತೋರಿಸೋಣವೆಂದು ಫೋನಿಗೆ ಕೈ ಚಾಚಿದ. "ಲೇ, ದೊಡ್ಡೋರು ಮಾತಾಡೋವಾಗ ಮಧ್ಯೆ ಬರ್ಬ್ಯಾಡ," ಎಂದು ದೊಡ್ಡಪ್ಪ ಫೋನನ್ನು ಇನ್ನೂ ದೂರ ಹಿಡಿದರು.

ಕೊನೆಗೆ ಅಮರೇಶ ಎದ್ದುಹೋಗಿ ಟಿವಿ ಪಕ್ಕ ನಿಂತ. ಒಂದು ಕೈಯಿಂದ ಕೆಳತುಟಿ ಎಳೆದು ಹಲ್ಲಿನ ಸಂದಿ ತೋರಿಸಿದ. ಇನ್ನೊಂದು ಕೈಯನ್ನು ಟಿವಿಯ ದವಡೆಯ ಮೇಲಿಟ್ಟ. ಅಲ್ಲಿ ಒಂದು ಹಲ್ಲೂ ತಪ್ಪಿರಲಿಲ್ಲ.

"ಅಯ್ಯೋ ಶಿವನೇ, ಇದ್ರಾಗೆ ಎಲ್ಲಾ ಹಲ್ಲೂ ಅವೆ!" ಎಂದು ಅವ್ವ ಕೂಗಿದಳು.

ಆ ಕಡೆ ಕಾಂಚನಾ ಗಾಬರಿಯಾದಳು. "ಸಾರಿ ಸರ್, ಬೇರೆ ಫೈಲ್ ತೆಗೆದುಬಿಟ್ಟಿದ್ದೀನಿ. ಇದು ಮೊಳಕಾಲ್ಮೂರು ಕಡೆಯ ಒಬ್ಬ ಹೆಂಗಸಿನ ದವಡೆ."

ಮುರುಗೇಂದ್ರಪ್ಪ ಕೆಮ್ಮುವ ನೆಪದಲ್ಲಿ ನಕ್ಕ. ಅಷ್ಟರಲ್ಲಿ ಅಮರೇಶನ ದವಡೆ ಟಿವಿಗೆ ಬಂತು. ಸಣ್ಣದಾಗಿ, ಸಂದಿ ಸಮೇತ, ಅಚ್ಚುಕಟ್ಟಾಗಿತ್ತು. ಅವನಿಗೆ ಅಳು ಬರುವಷ್ಟು ಖುಷಿಯಾಗಿ ಟಿವಿಗೇ ಕೈಮುಗಿದ. ಆದರೆ ಫೋನಿನ ಕ್ಯಾಮೆರಾ ದೊಡ್ಡಪ್ಪನ ಮುಖವನ್ನಷ್ಟೇ ನೋಡುತ್ತಿತ್ತು.

ದೊಡ್ಡಪ್ಪ ಮೂಗು ಮುರಿದರು. "ಇದೇನಮ್ಮ, ಇಲಿ ದವಡೆ ಇದ್ದಂಗೈತೆ! ಇದು ನಮ್ಮ ಮನೆತನದ್ದಲ್ಲ. ಮೊದ್ಲಿಂದನ್ನೇ ಹಾಕು."

"ಅದು ಇವರಿಗೆ ಕೂರಲ್ಲ ಸರ್!"

"ಹಂಗಾದ್ರೆ ಅವಸರ ಏನಿಲ್ಲ. ಅಮಾಸೆ ಕಳೀಲಿ, ಯೋಚ್ನೆ ಮಾಡಿ ಹೇಳ್ತೀವಿ." ಕಾಲ್ ಕಟ್ ಮಾಡಿ ಫೋನನ್ನು ತಮ್ಮ ಜೇಬಿಗಿಳಿಸಿದರು.

ಅವ್ವ ಗಂಜಿ ಲೋಟ ತಂದಿಟ್ಟಳು. ಅಮರೇಶ ದೊಡ್ಡಪ್ಪನನ್ನು ದುರುಗುಟ್ಟಿ ನೋಡಿ, ಮಂಡಿಯಲ್ಲಿ ಇಷ್ಟು ವರ್ಷ ಕಲಿತ ಬೈಗುಳವನ್ನೆಲ್ಲ ಒಟ್ಟುಗೂಡಿಸಿ "ಊಂ!" ಎಂದ.

"ನೋಡ್ರಿ," ಎಂದರು ಜಯದೇವಪ್ಪ, "ಈಗ್ಲೂ ಒಪ್ದ."